ರಾಣೆಬೆನ್ನೂರಿನ ಬಿಸಿಲಿಗೊಂದು ಗೇಮಿಂಗ್ ಕಂಪ್ಯೂಟರ್

ಯೂಟ್ಯೂಬಿನಲ್ಲಿ ಗ್ರಾಫಿಕ್ಸ್ ಕಾರ್ಡು ಪರೀಕ್ಷಿಸುವವರ ಕೋಣೆಯಲ್ಲಿ ಎ.ಸಿ. ಇರುತ್ತದೆ. ರಾಣೆಬೆನ್ನೂರಿನಲ್ಲಿ ಏಪ್ರಿಲ್ ಇರುತ್ತದೆ. ಅವರು ಕೊಟ್ಟ ಬಿಡಿಭಾಗಗಳ ಪಟ್ಟಿಯನ್ನು ಹಾಗೇ ನಕಲು ಮಾಡಿ ಜೋಡಿಸಿದ ಕಂಪ್ಯೂಟರು ದೀಪಾವಳಿ ಹೊತ್ತಿಗೆ ಚೆನ್ನಾಗೇ ಓಡುತ್ತದೆ. ಯುಗಾದಿ ಕಳೆದ ಮೇಲೆ ಅದರ ಬಣ್ಣ ಬಯಲಾಗುತ್ತದೆ.

ಬೀಜ, ಹತ್ತಿ, ಗೋವಿನಜೋಳದ ಈ ಪೇಟೆಯಲ್ಲಿ ಎಂಜಿನಿಯರಿಂಗ್ ಕಾಲೇಜೂ ಇದೆ, ಕಂಪ್ಯೂಟರನ್ನು ತಾವೇ ಜೋಡಿಸಿಕೊಳ್ಳಬೇಕೆನ್ನುವ ಹುಡುಗರೂ ಇದ್ದಾರೆ. ಬೇಕಾದ ಸಾಮಾನು ಹುಬ್ಬಳ್ಳಿಯಿಂದಲೋ, ಸುಮಾರು 300 ಕಿಲೋಮೀಟರ್ ದೂರದ ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ, ಕೊರಿಯರ್ ಡಬ್ಬಿಯಲ್ಲೋ ಬರುತ್ತದೆ. ಅರ್ಧ ಲಕ್ಷದ ಆಸುಪಾಸಿನ ಬಜೆಟ್ಟಿನಲ್ಲಿ ದುಡ್ಡೆಲ್ಲ ಗ್ರಾಫಿಕ್ಸ್ ಕಾರ್ಡಿಗೇ ಸುರಿಯಬೇಕು ಎನ್ನುವುದು ಎಲ್ಲರ ಬಾಯಲ್ಲಿರುವ ಮಾತು. ನನಗೆ ಅದು ಅಷ್ಟು ಸರಿ ಕಾಣುವುದಿಲ್ಲ. ನಮ್ಮ ಕಡೆ ಮೊದಲು ತೀರ್ಮಾನ ಆಗಬೇಕಾದ್ದು ಎರಡು ತುದಿಗಳು: ಕಣ್ಣಿನ ಮುಂದಿರುವ ಪರದೆ ಮತ್ತು ಗೋಡೆಯ ಸಾಕೆಟ್ಟಿಗೆ ಅಂಟಿಕೊಂಡಿರುವ ಎಸ್‌ಎಂಪಿಎಸ್. ಇವೆರಡು ಗೊತ್ತಾದರೆ ನಡುವಿನದ್ದನ್ನು ಆರಿಸುವುದು ಅಂಥ ಕಷ್ಟವಲ್ಲ.

ಪರದೆಯಿಂದಲೇ ಶುರು ಮಾಡೋಣ. ಸಾಮಾನ್ಯ ಫುಲ್ ಎಚ್‌ಡಿ ಮಾನಿಟರಿನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿರುತ್ತವೆ. ಗುಣಿಸಿದರೆ 20,73,600. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಕಂಪ್ಯೂಟರು ಸೆಕೆಂಡಿಗೆ 12 ಕೋಟಿ 44 ಲಕ್ಷ ಚುಕ್ಕೆಗಳ ಬಣ್ಣ ಲೆಕ್ಕ ಹಾಕಬೇಕು. ಒಂದೊಂದು ಚಿತ್ರಕ್ಕೆ ಸಿಗುವ ಸಮಯ 16.7 ಮಿಲಿಸೆಕೆಂಡು. ಅದೇ 144 ಹರ್ಟ್ಸ್ ಮಾನಿಟರ್ ತಂದು ಪೂರ್ತಿ ಬಳಸಬೇಕೆಂದರೆ ಸಮಯ 7 ಮಿಲಿಸೆಕೆಂಡಿಗಿಂತ ಕೆಳಗಿಳಿಯುತ್ತದೆ. 2560 × 1440ರ ಪರದೆ ತಂದರೆ ಚುಕ್ಕೆಗಳ ಸಂಖ್ಯೆ 36 ಲಕ್ಷ ದಾಟುತ್ತದೆ. ಎಂಥ ಕಾರ್ಡು ಬೇಕು, ಎಷ್ಟು ವಾಟ್ ಬೇಕು, ಎಷ್ಟು ಶಾಖ ಹೊರಗೆ ಹೋಗಬೇಕು ಎನ್ನುವುದೆಲ್ಲ ಈ ಒಂದು ಅಂಕಿಯ ಬೆನ್ನು ಹಿಡಿದು ಬರುತ್ತದೆ. ಕಡಿಮೆ ಬಜೆಟ್ಟಿಗೆ ಫುಲ್ ಎಚ್‌ಡಿಯೇ ಸರಿ.

ಆ 16.7 ಮಿಲಿಸೆಕೆಂಡಿನೊಳಗೆ ಎರಡು ಬೇರೆ ಜಾತಿಯ ಕೆಲಸ ನಡೆಯುತ್ತದೆ. ಯಾರು ಎಲ್ಲಿದ್ದಾನೆ, ಗುಂಡು ತಗುಲಿತೇ, ಕಾರು ಗೋಡೆಗೆ ಬಡಿಯಿತೇ ಎಂಬುದನ್ನು ಪ್ರೊಸೆಸರ್ ಒಂದಾದ ಮೇಲೊಂದರಂತೆ ತೀರ್ಮಾನಿಸುತ್ತದೆ. ಅದಕ್ಕೆ ನಾಲ್ಕೋ ಆರೋ ಚುರುಕಾದ ಕೋರ್‌ಗಳು ಸಾಕು. ಬಣ್ಣ ಬಳಿಯುವ ಕೆಲಸ ಹಾಗಲ್ಲ, ಅಲ್ಲಿ ಲಕ್ಷಾಂತರ ಚುಕ್ಕೆಗಳಿಗೆ ಒಂದೇ ಬಗೆಯ ಲೆಕ್ಕ. ಅದಕ್ಕೇ 2021ರಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 6600 ಕಾರ್ಡಿನಲ್ಲಿ 1792 ಸಣ್ಣ ಲೆಕ್ಕಿಗಗಳು ಸಾಲಾಗಿ ಕೂತಿವೆ. ಎರಡೂ ಸೇರಿ ಎಳೆಯುವ ಜೋಡೆತ್ತು ಇದು, ಒಂದು ಹಿಂದೆ ಬಿದ್ದರೆ ಬಂಡಿ ಅದರ ನಡಿಗೆಯಲ್ಲೇ ಸಾಗುತ್ತದೆ. ದುಬಾರಿ ಕಾರ್ಡಿಗೆ ಹಳೇ ಪ್ರೊಸೆಸರ್ ಕಟ್ಟಿದವರಿಗೆ ಆಟ ನಡುನಡುವೆ ತೊದಲುವುದು ಇದೇ ಕಾರಣಕ್ಕೆ.

ಪೂರ್ತಿ ದುಡ್ಡು ಒಮ್ಮೆಗೇ ಕೈಯಲ್ಲಿಲ್ಲದವರಿಗೆ ಇನ್ನೊಂದು ದಾರಿಯಿದೆ. ಗ್ರಾಫಿಕ್ಸನ್ನು ತನ್ನೊಳಗೇ ಇಟ್ಟುಕೊಂಡ ರೈಜೆನ್ 5 5600ಜಿ ಥರದ ಪ್ರೊಸೆಸರ್ ಹಾಕಿ ಈಗ ಜೋಡಿಸುವುದು, ಗೋವಿನಜೋಳದ ದುಡ್ಡು ಬಂದ ಮೇಲೆ ಕಾರ್ಡು ಸೇರಿಸುವುದು. (ಹೆಸರಿನ ಕೊನೆಯಲ್ಲಿ ಎಫ್ ಇರುವ ಇಂಟೆಲ್ ಪ್ರೊಸೆಸರುಗಳಲ್ಲಿ, ಉದಾಹರಣೆಗೆ ಐ3-12100ಎಫ್‌ನಲ್ಲಿ, ಗ್ರಾಫಿಕ್ಸ್ ಇರುವುದೇ ಇಲ್ಲ. ಅಗ್ಗ ಸಿಕ್ಕಿತೆಂದು ಅದನ್ನು ತಂದು, ಕಾರ್ಡಿಲ್ಲದೆ ಆನ್ ಮಾಡಿ, ಪರದೆ ಕಪ್ಪಗಿದೆಯೆಂದು ಅಂಗಡಿಯವನನ್ನು ಬೈದು ಪ್ರಯೋಜನವಿಲ್ಲ.) 5600ಜಿಯೊಳಗಿನ ಲೆಕ್ಕಿಗಗಳು 448 ಮಾತ್ರ. ಆದರೆ ಅದರ ನಿಜವಾದ ಕೊರತೆ ಇರುವುದು ಅಲ್ಲಲ್ಲ, ರ‍್ಯಾಮ್‌ನಲ್ಲಿ.

ಕಾರ್ಡಿಗೆ ತನ್ನದೇ ಮೆಮೊರಿ ಇರುತ್ತದೆ. ಆರ್‌ಎಕ್ಸ್ 6600ರಲ್ಲಿ ಅದು 8 ಜಿಬಿ, ಸೆಕೆಂಡಿಗೆ 224 ಜಿಬಿ ಮಾಹಿತಿ ಅದರಿಂದ ಹರಿಯಬಲ್ಲದು. 5600ಜಿಗೆ ಅಂಥ ಸ್ವಂತ ಆಸ್ತಿ ಇಲ್ಲ, ಮದರ್‌ಬೋರ್ಡಿನ ಮೇಲಿನ ರ‍್ಯಾಮ್ ಅನ್ನೇ ಹಂಚಿಕೊಳ್ಳಬೇಕು. 3200 ವೇಗದ ಡಿಡಿಆರ್4 ಸ್ಟಿಕ್ ಒಂದು ಸಲಕ್ಕೆ 8 ಬೈಟಿನಂತೆ ಸೆಕೆಂಡಿಗೆ 320 ಕೋಟಿ ಸಲ ಮಾಹಿತಿ ಸಾಗಿಸುತ್ತದೆ, ಅಂದರೆ 25.6 ಜಿಬಿ. ಎರಡು ಸ್ಟಿಕ್‌ಗಳನ್ನು ಸರಿಯಾದ ಸ್ಲಾಟುಗಳಲ್ಲಿ ಹಾಕಿದರೆ ಎರಡು ದಾರಿ ತೆರೆದು 51.2 ಜಿಬಿ ಆಗುತ್ತದೆ. ಹಾಗಾಗಿ 16 ಜಿಬಿಯ ಒಂದು ಸ್ಟಿಕ್ ಮತ್ತು 8 ಜಿಬಿಯ ಎರಡು ಸ್ಟಿಕ್ ಸಮ ಅಲ್ಲವೇ ಅಲ್ಲ. ‘ಮುಂದೆ ಇನ್ನೊಂದು ಹಾಕಿಸಿದ್ರ ಆತು’ ಎಂದು ಒಂದನ್ನೇ ಕೊಡುವ ಅಂಗಡಿಗಳಿವೆ. ಈ ಪ್ರೊಸೆಸರಿಗೆ ಮಾತ್ರ ಆ ಮಾತಿಗೆ ಒಪ್ಪಬೇಡಿ.

ರ‍್ಯಾಮ್ ಬೆಲೆಯದೇ ಈಗ ದೊಡ್ಡ ತಲೆನೋವು. ಎಐ ಸರ್ವರುಗಳಿಗೆ ಬೇಕಾದ ಮೆಮೊರಿಯಲ್ಲಿ ಲಾಭ ಹೆಚ್ಚೆಂದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಕಂಪನಿಗಳು ಅತ್ತ ವಾಲಿದ ಮೇಲೆ, 2025ರ ಕೊನೆಯಿಂದ ಮನೆ ಕಂಪ್ಯೂಟರಿನ ರ‍್ಯಾಮ್ ದುಬಾರಿಯಾಗುತ್ತ ಹೋಗಿದೆ. ಕ್ರೂಷಿಯಲ್ ಹೆಸರಿನಲ್ಲಿ ಗ್ರಾಹಕರಿಗೆ ಮಾರುವುದನ್ನೇ ನಿಲ್ಲಿಸುವುದಾಗಿ ಮೈಕ್ರಾನ್ ಆ ಡಿಸೆಂಬರಿನಲ್ಲಿ ಪ್ರಕಟಿಸಿತು. ಹಳೇ ಕಂಪ್ಯೂಟರಿನಲ್ಲಿ ಒಳ್ಳೆಯ ಡಿಡಿಆರ್4 ಸ್ಟಿಕ್‌ಗಳಿದ್ದರೆ ಅವನ್ನೇ ಎತ್ತಿಟ್ಟುಕೊಂಡು, ಡಿಡಿಆರ್4 ಹಿಡಿಯುವ ಬೋರ್ಡನ್ನೇ ಆರಿಸುವುದು ಇವತ್ತಿನ ಮಟ್ಟಿಗೆ ಜಾಣತನ. ರ‍್ಯಾಮ್ ಈಗ ಚಿಕ್ಕಪುಟ್ಟ ಆಸ್ತಿ.

ಮುಂದೆ ಕಾರ್ಡು ಸೇರಿಸುವಾಗ ಒಂದು ಗುಂಡಿಯನ್ನು ನೋಡಿ ದಾಟಬೇಕು. ಆರ್‌ಎಕ್ಸ್ 6500 ಎಕ್ಸ್‌ಟಿ ಎಂಬ ಕಾರ್ಡು 6600ರ ತಮ್ಮನ ಹಾಗೆ ಕಾಣುತ್ತದೆ, ಬೆಲೆಯೂ ಕಡಿಮೆ. ಅದರ ಸಾಮಾನ್ಯ ರೂಪದಲ್ಲಿರುವ ಮೆಮೊರಿ 4 ಜಿಬಿ. ಇಂದಿನ ಆಟಗಳು ಅಷ್ಟರಲ್ಲಿ ಹಿಡಿಯದೆ ಹೊರಚೆಲ್ಲಿದಾಗ ಮಾಹಿತಿ ಮದರ್‌ಬೋರ್ಡಿನ ಪಿಸಿಐ ಎಕ್ಸ್‌ಪ್ರೆಸ್ ದಾರಿಯಲ್ಲಿ ಓಡಾಡಬೇಕು. ಆ ದಾರಿಗೆ ಈ ಕಾರ್ಡಿನಲ್ಲಿ ಇರುವುದು ನಾಲ್ಕೇ ಲೇನು. ಪಿಸಿಐ ಎಕ್ಸ್‌ಪ್ರೆಸ್ 4.0 ಬೋರ್ಡಿನಲ್ಲಿ ಅದರ ಹರಿವು ಸೆಕೆಂಡಿಗೆ ಸುಮಾರು 8 ಜಿಬಿ, 3.0 ಆದರೆ ಅದರ ಅರ್ಧ. ಕಾರ್ಡಿನ ಸ್ವಂತ ಮೆಮೊರಿಯ ವೇಗ 144 ಜಿಬಿ ಇರುವಾಗ ಈ 4 ಯಾವ ಮೂಲೆಗೆ? 5600ಜಿ ಬಲ್ಲದ್ದು 3.0 ಮಾತ್ರ. ಎಂದರೆ ಕಡಿಮೆ ದುಡ್ಡಿನ ಪ್ರೊಸೆಸರಿಗೆ ಕಡಿಮೆ ದುಡ್ಡಿನ ಕಾರ್ಡು ಎಂಬ ಸಹಜ ಲೆಕ್ಕಾಚಾರವೇ ಇಲ್ಲಿ ತಿರುಗುಬಾಣವಾಗುತ್ತದೆ. ಎಂಟು ಲೇನಿನ 6600ನ್ನು ಅದೇ 5600ಜಿಗೆ ಹಾಕಿದರೆ ಹೆಚ್ಚೇನೂ ನಷ್ಟವಿಲ್ಲ.

ಸೆಕೆಂಡ್ ಹ್ಯಾಂಡ್ ಬಗ್ಗೆ ಎರಡು ಮಾತು. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಡಿಜಿಟಲ್ ನಾಣ್ಯ ತನ್ನ ಲೆಕ್ಕದ ಪದ್ಧತಿಯನ್ನೇ ಬದಲಿಸಿತು, ಅದಕ್ಕಾಗಿ ಹಗಲಿರುಳು ದುಡಿಯುತ್ತಿದ್ದ ಗ್ರಾಫಿಕ್ಸ್ ಕಾರ್ಡುಗಳೆಲ್ಲ ಸಂತೆಗೆ ಬಂದವು. ಅವುಗಳ ಚಿಪ್ ಅಷ್ಟು ಬೇಗ ಸಾಯುವುದಿಲ್ಲ, ಸವೆದಿರುವುದು ಫ್ಯಾನು ಮತ್ತು ಮೆಮೊರಿಯ ಮೇಲಿನ ಥರ್ಮಲ್ ಪ್ಯಾಡು. ಎದುರಿಗೇ ಅರ್ಧ ಗಂಟೆ ಆಟ ಓಡಿಸಿ ತೋರಿಸಿದರೆ ಕೊಳ್ಳಬಹುದು. ಇದಕ್ಕಿಂತ ಕೆಟ್ಟ ಬಲೆ ಎಂದರೆ ‘ಐ5 ಗೇಮಿಂಗ್ ಪಿಸಿ’ ಎಂಬ ಹೆಸರಲ್ಲಿ ಬಣ್ಣದ ದೀಪ ಹಚ್ಚಿ ಮಾರುವ ಮೂರನೇ ಪೀಳಿಗೆಯ, ಅಂದರೆ 2012ರ ಪ್ರೊಸೆಸರ್. ಹೊಸ ಆಟಗಳಲ್ಲಿ ಕೆಲವು ಕೇಳುವ ಎವಿಎಕ್ಸ್2 ಎಂಬ ಆಜ್ಞೆಗಳ ಗುಂಪು ಅದರಲ್ಲಿಲ್ಲ, ಇಂಟೆಲ್ ಅದನ್ನು ತಂದದ್ದು 2013ರ ನಾಲ್ಕನೇ ಪೀಳಿಗೆಯಲ್ಲಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಇಷ್ಟು ಹಳೆಯದನ್ನು ಒಪ್ಪುವುದಿಲ್ಲ. ಐ5 ಅನ್ನುವ ಹೆಸರಿಗಿಂತ ಅದರ ಮುಂದಿನ ಅಂಕಿ ಓದಿ.

ಇನ್ನು ಇನ್ನೊಂದು ತುದಿಗೆ ಬರೋಣ. ಯಾರೂ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕದ ಭಾಗ ಎಸ್‌ಎಂಪಿಎಸ್. ಗೋಡೆಯ 230 ವೋಲ್ಟನ್ನು 12, 5, 3.3 ವೋಲ್ಟಿನ ನೇರ ವಿದ್ಯುತ್ತಾಗಿಸುವುದು ಅದರ ಕೆಲಸ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡು ಎರಡೂ ಉಣ್ಣುವುದು 12 ವೋಲ್ಟನ್ನೇ. ಆದ್ದರಿಂದ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವ 450 ವಾಟನ್ನು ನಂಬದೆ, ಪಕ್ಕದ ಸ್ಟಿಕರಿನಲ್ಲಿ +12V ಎದುರು ಎಷ್ಟು ಆಂಪಿಯರ್ ಇದೆ ನೋಡಿ 12ರಿಂದ ಗುಣಿಸಬೇಕು. 16 ಆಂಪಿಯರ್ ಇದ್ದರೆ 192 ವಾಟ್, ಅಷ್ಟೇ. ಆರ್‌ಎಕ್ಸ್ 6600 ಕಾರ್ಡೊಂದೇ 132 ವಾಟ್ ಕೇಳುವಾಗ ಪ್ರೊಸೆಸರಿಗೆ ಉಳಿಯುವುದೆಷ್ಟು ಲೆಕ್ಕ ಹಾಕಿ. ಇಂಥವು ಮೊದಲ ದಿನ ಕೈ ಕೊಡುವುದಿಲ್ಲ, ಆಟ ರಂಗೇರಿದ ಹೊತ್ತಿಗೆ ಕಂಪ್ಯೂಟರು ಪಕ್ಕನೆ ಆಫ್ ಆಗುತ್ತದೆ. 2004ರಲ್ಲಿ ಶುರುವಾದ 80 ಪ್ಲಸ್ ಎಂಬ ಮುದ್ರೆ ಇದ್ದರೆ ಎಳೆದ ವಿದ್ಯುತ್ತಿನಲ್ಲಿ ಶೇ 80ರಷ್ಟಾದರೂ ಒಳಗೆ ತಲುಪುತ್ತದೆಂದು ಅರ್ಥ. ನಾವು ಮಾತಾಡುತ್ತಿರುವ ಜೋಡಿಗೆ ಒಳ್ಳೆಯ ಕಂಪನಿಯ 450ರಿಂದ 550 ವಾಟ್ ಧಾರಾಳ. ಕಾರ್ಡಿನಲ್ಲಿ ಸಾವಿರ ರೂಪಾಯಿ ಉಳಿಸಿಯಾದರೂ ಇಲ್ಲಿ ಹಾಕಿ.

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇನ್ವರ್ಟರ್ ಇದೆ, ಅದರ ಸಾಲಿನಲ್ಲೇ ಕಂಪ್ಯೂಟರನ್ನೂ ಜೋಡಿಸುತ್ತಾರೆ. ಕರೆಂಟು ಹೋಗಿ ಬ್ಯಾಟರಿ ಹಿಡಿಯುವ ನಡುವೆ ಒಂದು ಖಾಲಿ ಕ್ಷಣ ಇರುತ್ತದಲ್ಲ, ಅದನ್ನು ದಾಟಿಸುವುದು ಎಸ್‌ಎಂಪಿಎಸ್ ಒಳಗಿನ ದಪ್ಪ ಕೆಪಾಸಿಟರಿನಲ್ಲಿ ತುಂಬಿಟ್ಟ ವಿದ್ಯುತ್ತು. ಒಳ್ಳೆಯದು ಪೂರ್ತಿ ಹೊರೆಯಲ್ಲೂ 16-17 ಮಿಲಿಸೆಕೆಂಡು ತಡೆಯುತ್ತದೆ. ಇನ್ವರ್ಟರ್ ಯುಪಿಎಸ್ ಮೋಡಿನಲ್ಲಿದ್ದರೆ ಹತ್ತು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಬದಲಾಗುತ್ತದೆ, ಸಾಮಾನ್ಯ ಮೋಡಿನಲ್ಲಿ ಅದರ ಎರಡು ಮೂರು ಪಟ್ಟು. ‘ಕರೆಂಟ್ ಹೋದ್ರ ಫ್ಯಾನ್ ತಿರಗತೈತಿ, ಕಂಪ್ಯೂಟರ್ ಅಷ್ಟ ಬಂದ್ ಆಗತೈತಿ’ ಎಂಬ ದೂರಿಗೆ ಎಷ್ಟೋ ಸಲ ಮದ್ದು ಇನ್ವರ್ಟರಿನ ಹಿಂದಿನ ಒಂದು ಸ್ವಿಚ್ಚು. ಸ್ಕ್ವೇರ್ ವೇವ್ ಇನ್ವರ್ಟರಾದರೆ ಮಾತ್ರ ಕಂಪ್ಯೂಟರನ್ನು ಅದರಿಂದ ದೂರ ಇಡುವುದು ಲೇಸು, ಹೊಸ ಕಾಲದ ಎಸ್‌ಎಂಪಿಎಸ್‌ಗಳಿಗೂ ಅದಕ್ಕೂ ಹೊಂದಾಣಿಕೆ ಕಡಿಮೆ.

ಇನ್ನೊಂದು ದೂರು: ‘ಕ್ಯಾಬಿನೆಟ್ ಮುಟ್ಟಿದ್ರ ಜುಮ್ ಅಂತೈತ್ರಿ.’ ಇದು ಬಿಡಿಭಾಗದ ತಪ್ಪಲ್ಲ. ಎಸ್‌ಎಂಪಿಎಸ್ ಬಾಗಿಲಲ್ಲೇ ಗದ್ದಲ ಸೋಸುವ ಎರಡು ಪುಟ್ಟ ಕೆಪಾಸಿಟರುಗಳಿರುತ್ತವೆ. ಒಂದು ಫೇಸ್‌ನಿಂದ, ಒಂದು ನ್ಯೂಟ್ರಲ್‌ನಿಂದ ಹೊರಟು ಎರಡೂ ಕ್ಯಾಬಿನೆಟ್ಟಿನ ತಗಡಿಗೆ ಬಂದು ಸೇರುತ್ತವೆ. ಅಲ್ಲಿಂದ ಸೋರಿದ್ದು ಅರ್ಥಿಂಗ್ ತಂತಿ ಹಿಡಿದು ಭೂಮಿಗೆ ಹೋಗಬೇಕು. ಅರ್ಥಿಂಗ್ ಇಲ್ಲದಿದ್ದರೆ ತಗಡು 230ರ ಅರ್ಧ, ಅಂದರೆ 115 ವೋಲ್ಟಿನ ಸುತ್ತಮುತ್ತ ತೇಲುತ್ತದೆ. ಹರಿಯುವ ವಿದ್ಯುತ್ ಸಾಮಾನ್ಯವಾಗಿ ಒಂದು ಮಿಲಿಆಂಪಿಯರಿಗಿಂತ ಕಡಿಮೆ, ಜುಮ್ ಅನ್ನಿಸಿ ಬಿಡುತ್ತದೆ. ಭಯ ಇರುವುದು ಮುಂದೆ ನಿಜವಾದ ಲೀಕೇಜ್ ಆದಾಗ, ಆಗ ಅದಕ್ಕೆ ಹೋಗಲು ಬೇರೆ ದಾರಿಯೇ ಇರುವುದಿಲ್ಲ. ಹಳೇ ಮನೆಯಾದರೆ ಮದರ್‌ಬೋರ್ಡ್ ಕೊಳ್ಳುವ ಮೊದಲು ವೈರಿಂಗಿನವರನ್ನು ಕರೆಸಿ ಅರ್ಥಿಂಗ್ ನೋಡಿಸಿ. ಎರಿ ಭೂಮಿ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟಾಗ ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹಾಕಬೇಕು, ತೇವ ಇಲ್ಲದ ಮಣ್ಣು ವಿದ್ಯುತ್ತನ್ನು ಸರಿಯಾಗಿ ಒಯ್ಯುವುದಿಲ್ಲ.

ಬಿಸಿಲಿನ ಲೆಕ್ಕ ಸರಳ. ಚಿಪ್ಪಿನ ಉಷ್ಣತೆ ಕೋಣೆಯ ಉಷ್ಣತೆಯ ಮೇಲೆ ಇಂತಿಷ್ಟು ಏರುತ್ತದೆ. 22 ಡಿಗ್ರಿ ಕೋಣೆಯಲ್ಲಿ 68 ತೋರಿಸಿದ ಕಾರ್ಡು 38 ಡಿಗ್ರಿ ಕೋಣೆಯಲ್ಲಿ ಹೆಚ್ಚುಕಡಿಮೆ 84ರ ಹತ್ತಿರ ನಿಲ್ಲುತ್ತದೆ. ಫ್ಯಾನು ಅರಚುತ್ತದೆ, ಅದಕ್ಕೂ ಬಗ್ಗದಿದ್ದರೆ ಚಿಪ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಎಸ್‌ಎಂಪಿಎಸ್ ಕೆಪಾಸಿಟರುಗಳಂತೂ ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧ ಆಯುಸ್ಸು ಕಳೆದುಕೊಳ್ಳುತ್ತವೆ. ಮುಂದೆ ಗಾಜು ಮುಚ್ಚಿದ ಚೆಂದದ ಕ್ಯಾಬಿನೆಟ್ ಬೇಡ, ಜಾಳಿಗೆ ಮುಖದ್ದು ಬೇಕು ಎನ್ನುವುದು ಇದಕ್ಕೇ.

ಜಾಳಿಗೆ ಅಂದ ಕೂಡಲೇ ಧೂಳು. ಇಲ್ಲಿ ಹತ್ತಿಯ ಎಳೆ, ರಾಶಿ ಹೊತ್ತಿನ ಗೋವಿನಜೋಳದ ಹೊಟ್ಟು. ಬ್ಯಾಡಗಿ ಮಾರುಕಟ್ಟೆ ಪಕ್ಕದ ದಲಾಲಿ ಅಂಗಡಿಯ ಕಂಪ್ಯೂಟರಾದರೆ ಮುಚ್ಚಳ ಬಿಚ್ಚುವವರು ಮೊದಲು ಸೀನಿಗೆ ತಯಾರಿರಬೇಕು. ಹೀಟ್‌ಸಿಂಕಿನ ರೆಕ್ಕೆಗಳ ನಡುವಿನ ಸಂದು ಒಂದೆರಡು ಮಿಲಿಮೀಟರ್ ಅಷ್ಟೇ, ಹತ್ತಿಯ ಎಳೆ ಅಲ್ಲಿ ಕಂಬಳಿಯಂತೆ ಹೆಣೆದುಕೊಂಡರೆ ಗಾಳಿ ನುಗ್ಗುವುದಿಲ್ಲ. ಗಾಳಿ ಒಳಗೆಳೆಯುವ ಫ್ಯಾನುಗಳು ಹೊರದೂಡುವವಕ್ಕಿಂತ ಹೆಚ್ಚಿರಲಿ, ಮುಂದೆ ಬಿಚ್ಚಿ ತೊಳೆಯುವ ಫಿಲ್ಟರ್ ಇರಲಿ. ಆಗ ಒಳಗಿನ ಒತ್ತಡ ತುಸು ಹೆಚ್ಚಿದ್ದು ಸಂದುಗೊಂದಿನಿಂದ ಧೂಳು ನುಸುಳುವುದಿಲ್ಲ. ಬ್ಲೋವರ್ ಹಿಡಿದಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ, ಗಾಳಿಗೆ ಬೇಕಾಬಿಟ್ಟಿ ತಿರುಗಿದರೆ ಬೇರಿಂಗ್ ಹಾಳು.

ಕೊನೆಗೆ ಮನೆಯ ಹಿರಿಯರು ಕೇಳುವ ಪ್ರಶ್ನೆ: ಬಿಲ್ಲು ಎಷ್ಟು ಬರುತ್ತದೆ? ಈ ಜೋಡಣೆ ಮಾನಿಟರ್ ಸೇರಿ ಆಟದ ಹೊತ್ತಿನಲ್ಲಿ ಸುಮಾರು 250 ವಾಟ್ ಎಳೆಯುತ್ತದೆ. ದಿನಕ್ಕೆ ನಾಲ್ಕು ಗಂಟೆ ಆಡಿದರೆ ಒಂದು ಯೂನಿಟ್, ತಿಂಗಳಿಗೆ 30. 2023ರ ಜುಲೈನಿಂದ ಜಾರಿಯಲ್ಲಿರುವ ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಹಿಂದಿನ ಸರಾಸರಿಗೆ ತುಸು ಸೇರಿಸಿದ ಒಂದು ಮಿತಿಯಿದೆ. ಸರಾಸರಿ 70 ಯೂನಿಟ್ ಇದ್ದು 77ರವರೆಗೆ ಉಚಿತವಾಗಿರುವ ಮನೆಯಲ್ಲಿ ಬಳಕೆ 100 ಆದರೆ 23 ಯೂನಿಟ್ಟಿಗೆ ಹೆಸ್ಕಾಂ ದುಡ್ಡು ಕೇಳುತ್ತದೆ. ಒಟ್ಟು 200 ದಾಟಿತೋ, ಪೂರ್ತಿ ಬಿಲ್ಲೇ ಕಟ್ಟಬೇಕು. ಇದಕ್ಕೆ ಖರ್ಚಿಲ್ಲದ ಉಪಾಯವೊಂದಿದೆ. ಪರದೆ 60 ಹರ್ಟ್ಸಿನದ್ದಾದರೆ ಸೆಕೆಂಡಿಗೆ 110 ಚಿತ್ರ ಬರೆದರೂ ಅದು ತೋರಿಸುವುದು 60ನ್ನೇ. ಕಾರ್ಡಿನ ಸೆಟ್ಟಿಂಗಿನಲ್ಲಿ ಫ್ರೇಮ್ ಮಿತಿಯನ್ನು 60ಕ್ಕೆ ಕಟ್ಟಿಹಾಕಿ, ಹಳೆಯ ಆಟಗಳಲ್ಲಂತೂ ವಾಟ್, ಶಾಖ, ಫ್ಯಾನಿನ ಸದ್ದು ಮೂರೂ ಕಣ್ಣಿಗೆ ಕಾಣುವಷ್ಟು ಇಳಿಯುತ್ತವೆ.