ಯುವ ಚಾಲಕರ ಕಾರು ವಿಮೆ: ಮಿತವ್ಯಯದ ದಾರಿ

ಮಕ್ಕಳು ಹದಿನೆಂಟು ತುಂಬಿ ಚಾಲನಾ ಪರವಾನಗಿ ಪಡೆದೊಡನೆ ಮನೆಯಲ್ಲಿ ಕಾರಿನ ಮಾತು ಮೊದಲಾಗುತ್ತದೆ. ಕಾರಿನ ಬೆಲೆಯನ್ನು ಹತ್ತು ಕಡೆ ವಿಚಾರಿಸುವ ನಾವು ವಿಮಾ ಪತ್ರಕ್ಕೆ ಮಾತ್ರ ಓದದೆಯೇ ಸಹಿ ಹಾಕುತ್ತೇವೆ.

ಅಪಘಾತದಲ್ಲಿ ನೊಂದ ಇತರರಿಗೆ ಪರಿಹಾರ ಒದಗಿಸುವ ‘ಥರ್ಡ್ ಪಾರ್ಟಿ’ ವಿಮೆಯು 1988ರ ಮೋಟಾರು ವಾಹನ ಕಾಯ್ದೆಯನ್ವಯ ಕಡ್ಡಾಯ. ಇದರ ಕಂತು ಚಾಲಕನ ವಯಸ್ಸನ್ನಲ್ಲ, ಎಂಜಿನ್ನಿನ ಗಾತ್ರವನ್ನು ಅವಲಂಬಿಸಿದೆ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ 1000 ಸಿ.ಸಿ. ಮೀರದ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂ.; 1500 ಸಿ.ಸಿ. ಮೀರಿದರೆ 7,897 ರೂ. ಆದ್ದರಿಂದ ಚಿಕ್ಕ ಕಾರೇ ಮೊದಲ ಉಳಿತಾಯ.

ಸ್ವಂತ ಕಾರಿನ ಹಾನಿಯ ವಿಮೆಯಲ್ಲಿ ತಾಳ್ಮೆಗೆ ಫಲವಿದೆ. ಪರಿಹಾರ ಕೇಳದೆ ಒಂದು ವರ್ಷ ಕಳೆದರೆ ಶೇ. 20, ಸತತ ಐದು ವರ್ಷ ಕಳೆದರೆ ಶೇ. 50ರಷ್ಟು ‘ನೋ ಕ್ಲೇಮ್ ಬೋನಸ್’ ದೊರೆಯುತ್ತದೆ. ಸಣ್ಣ ಗೀರಿಗೂ ಪರಿಹಾರ ಬೇಡಿದರೆ, ಅಥವಾ ಅವಧಿ ಮುಗಿದ 90 ದಿನಗಳೊಳಗೆ ನವೀಕರಿಸದಿದ್ದರೆ ಇದು ಕೈತಪ್ಪುತ್ತದೆ.

ಪರವಾನಗಿಯಿಲ್ಲದ ಮಗನಿಗೆ ಕೀಲಿಕೈ ಕೊಟ್ಟು ಅಪಘಾತವಾದರೆ, ನೊಂದವರಿಗೆ ತೆತ್ತ ಹಣವನ್ನು ವಿಮಾ ಸಂಸ್ಥೆಯು ಮಾಲೀಕನಿಂದಲೇ ವಸೂಲು ಮಾಡಬಹುದು. ಮನೆಯ ಹೊಲ ಮಾರಿದರೂ ತೀರದ ಋಣವದು. ಕಾರು ಹೊರಡುವ ಮುನ್ನ ಹಿರಿಯರು ಮಕ್ಕಳೊಡನೆ ಕುಳಿತು ವಿಮಾ ಪತ್ರವನ್ನು ಒಮ್ಮೆ ಓದುವುದು ಒಳಿತು.