ಇಳಿಜಾರಿನ ಮನೆ: ಖರ್ಚು ಎಲ್ಲಿ ಅಡಗಿದೆ?

ಮಡಿಕೇರಿಯಂಥ ಗುಡ್ಡದೂರಿನಲ್ಲಿ ಮನೆ ಕಟ್ಟುವಾಗ ಬಯಲುಸೀಮೆಯ ಚದರಡಿ ಲೆಕ್ಕವನ್ನು ನೆಚ್ಚುವಂತಿಲ್ಲ. ಮನೆಯ ಗೋಡೆಗಿಂತ ಮೊದಲು ಮಣ್ಣನ್ನು ತಡೆಯುವ ಗೋಡೆ ಬೇಕು.

10 ಮೀಟರಿಗೆ 3 ಮೀಟರ್ ಏರುವ ಇಳಿಜಾರನ್ನು ಊಹಿಸಿಕೊಳ್ಳಿ. 10 ಮೀಟರ್ ಅಗಲದ ಸಮತಟ್ಟು ನೆಲಕ್ಕಾಗಿ ಗುಡ್ಡವನ್ನು ಕಡಿದರೆ, ಹಿಂದೆ 3 ಮೀಟರ್ ಎತ್ತರದ ತಡೆಗೋಡೆ ಕಟ್ಟಬೇಕು. ಮಣ್ಣಿನ ಒತ್ತಡ ಆಳದೊಂದಿಗೆ ಹೆಚ್ಚುತ್ತದಷ್ಟೆ. ಹಾಗಾಗಿ ಗೋಡೆಯ ಮೇಲಿನ ಒಟ್ಟು ಬಲ ಎತ್ತರದ ವರ್ಗಕ್ಕೂ, ಗೋಡೆಯನ್ನು ಉರುಳಿಸುವ ಟಾರ್ಕ್ ಎತ್ತರದ ಘನಕ್ಕೂ ಅನುಪಾತದಲ್ಲಿರುತ್ತವೆ. ಎತ್ತರ ಇಮ್ಮಡಿಯಾದರೆ ಟಾರ್ಕ್ ಎಂಟು ಪಟ್ಟು! ಮನೆಯನ್ನು ಎರಡು ಮಟ್ಟಗಳಲ್ಲಿ ಕಟ್ಟಿ, ಸಾಕಷ್ಟು ಅಂತರದಲ್ಲಿ 1.5 ಮೀಟರಿನ ಎರಡು ಗೋಡೆ ಹಾಕುವುದು ಅಗ್ಗವಾಗುವುದು ಇದರಿಂದಲೇ. ನಮ್ಮ ಹಿರಿಯರು ಗದ್ದೆಗಳನ್ನು ಮೆಟ್ಟಿಲಾಗಿಸಿದ್ದೂ ಸುಮ್ಮನೆ ಅಲ್ಲ.

ಇನ್ನು ಮಳೆಗಾಲ. ಒಣಮಣ್ಣಿನ ಕಣಗಳ ನಡುವೆ ಘರ್ಷಣೆ ಇರುವುದರಿಂದ, ಅದು ಪಕ್ಕಕ್ಕೆ ಒತ್ತುವುದು ಕೆಳಮುಖ ಒತ್ತಡದ ಸುಮಾರು ಮೂರನೇ ಒಂದು ಪಾಲು ಮಾತ್ರ. ನೀರು ಎಲ್ಲ ದಿಕ್ಕಿಗೂ ಸಮನಾಗಿ ಒತ್ತುತ್ತದೆ. ಗೋಡೆಯ ಹಿಂದಿನ ನೆಲ ಸಮತಟ್ಟೆಂದು ಸರಳಗೊಳಿಸಿ ಲೆಕ್ಕ ಹಾಕಿ: 3 ಮೀಟರ್ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಒಣಮಣ್ಣಿನ ಬಲ ಸುಮಾರು 27 ಕಿಲೊನ್ಯೂಟನ್, ನೀರು ಮೇಲಿನವರೆಗೆ ತುಂಬಿದರೆ ಸುಮಾರು 57. ಒಣಮಣ್ಣಿಗೆಂದು ಕಟ್ಟಿದ ಗೋಡೆ ಮಳೆಯಲ್ಲಿ ವಾಲುವುದು ಆಶ್ಚರ್ಯವೇ? 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದೂ ವಿಪರೀತ ಮಳೆಯಲ್ಲೇ.

ಈ ಹೆಚ್ಚುವರಿ ಬಲವನ್ನು ಕಳೆಯಲು ದಪ್ಪ ಕಾಂಕ್ರೀಟು ಬೇಕಿಲ್ಲ; ಗೋಡೆಯ ಹಿಂದೆ ಜಲ್ಲಿ ತುಂಬಿ, ನೀರು ಬಸಿಯಲು ಕೊಳವೆ ತುಂಡುಗಳನ್ನು ಕೂರಿಸಿದರೆ ಆಯಿತು. ಉಳಿತಾಯದ ಹೆಸರಿನಲ್ಲಿ ಬಿಟ್ಟುಬಿಡುವುದು ಮಾತ್ರ ಬಹುಮಟ್ಟಿಗೆ ಇವನ್ನೇ.