ತೂಕಕ್ಕೆ ಹಾಕುವ ಮುನ್ನ ಅಜ್ಜನ ಸೋಡಾ ಮಿಷಿನ್ ನೋಡಿ

ಪೀಣ್ಯದ ಹತ್ತಿರ ನಮ್ಮ ಮದ್ರಸದ ಹುಡುಗನೊಬ್ಬನ ಮನೆಗೆ ಹೋಗಿದ್ದೆ. ಬಾಗಿಲ ಪಕ್ಕ ಗೋಣಿಚೀಲ ಹೊದ್ದ ಕಬ್ಬಿಣದ ಯಂತ್ರವೊಂದು ನಿಂತಿತ್ತು. "ಉಸ್ತಾದರೇ, ಇದು ಅಜ್ಜನ ಗೋಲಿ ಸೋಡಾ ಮಿಷಿನ್. ಊರಿನ ಮನೆ ಕೆಡವಿದಾಗ ತಂದದ್ದು. ನಾಳೆ ಗುಜರಿಯವರು ಕೆ.ಜಿ. ಲೆಕ್ಕದಲ್ಲಿ ಕೊಂಡೊಯ್ತಾರೆ" ಎಂದರು ಹುಡುಗನ ತಂದೆ. ಶಾಲೆಯ ಫೀಸ್ ಕಟ್ಟುವ ಸಮಯ ಅದು. ಒಳಗಿನಿಂದ ಅವರ ಉಮ್ಮ, "ಐದು ಮಕ್ಕಳಿಗೆ ಅನ್ನ ಹಾಕಿದ್ದು ಅದೇ ಅಲ್ವಾ" ಎಂದಷ್ಟೇ ಹೇಳಿ ಸುಮ್ಮನಾದರು.

ನಮ್ಮ ಎಷ್ಟೋ ಮನೆಗಳಲ್ಲಿ ಇಂಥ ಯಂತ್ರ ಮೂಲೆ ಸೇರಿರಬಹುದು. ಗೋಲಿ ಬಾಟಲಿ ಇಂಗ್ಲೆಂಡಿನ ಹಿರಾಂ ಕಾಡ್ ಎಂಬ ಎಂಜಿನಿಯರ್ 1870ರ ದಶಕದಲ್ಲಿ ಪೇಟೆಂಟ್ ಪಡೆದ ವಿನ್ಯಾಸ. ಚಕ್ರ ತಿರುಗಿಸಿದಾಗ ಚೌಕಟ್ಟಿನಲ್ಲಿರುವ ಬಾಟಲಿಗಳು ಮಗುಚುತ್ತವೆ, ಸಿಲಿಂಡರಿನ ಗ್ಯಾಸ್ ನೀರಿನಲ್ಲಿ ಕರಗುತ್ತದೆ. ಬಾಟಲಿ ತಲೆಕೆಳಗಾದಾಗ ಗೋಲಿ ಕುತ್ತಿಗೆಗೆ ಬೀಳುತ್ತದೆ, ಒಳಗಿನ ಒತ್ತಡವೇ ಅದನ್ನು ರಬ್ಬರ್ ಉಂಗುರಕ್ಕೆ ಅಮುಕಿ ಬಾಯಿ ಮುಚ್ಚುತ್ತದೆ. ಮುಚ್ಚಳವೇ ಬೇಡ!

ಹಳೆಯದೋ ಹೊಸದೋ ಎಂದು ತಿಳಿಯುವುದು ಹೇಗೆ? ಎರಕದಲ್ಲೇ ಉಬ್ಬಿದ ಅಕ್ಷರಗಳಲ್ಲಿ ತಯಾರಕರ ಹೆಸರಿದೆಯೇ ನೋಡಿ. ಹಿಡಿಕೆ ಕೈ ತಾಗಿ ಸವೆದಿರಬೇಕು. ನಮ್ಮ ದೇಶಕ್ಕೆ ಮೆಟ್ರಿಕ್ ಅಳತೆಯ ಕಾನೂನು ಬಂದದ್ದು 1956ರಲ್ಲಿ. ಅದಕ್ಕೂ ಹಿಂದಿನ ಯಂತ್ರಗಳ ಬೋಲ್ಟುಗಳು ಸಾಮಾನ್ಯವಾಗಿ ಇಂಚಿನ ಲೆಕ್ಕದವು, ಮಿಲಿಮೀಟರ್ ನಟ್ಟು ಅವಕ್ಕೆ ಕೂರುವುದಿಲ್ಲ. ಆದರೆ ಇದೊಂದೇ ಗುರುತು ಸಾಲದು, ಎಲ್ಲವನ್ನೂ ಸೇರಿಸಿ ನೋಡಬೇಕು.

ಬೆಲೆಗೆ ಗೊತ್ತಾದ ದರಪಟ್ಟಿ ಇಲ್ಲ. ಗುಜರಿ ತೂಕದ ಬೆಲೆ ಅತಿ ಕೆಳಗಿನ ಮೆಟ್ಟಿಲು, ಅಷ್ಟೇ. ಬಿಡಿಭಾಗ ಪೂರ್ತಿ ಇದ್ದು, ಮೂಲ ಬಣ್ಣ ಉಳಿದು, ಜೊತೆಗೆ ಹಳೆಯ ಬಾಟಲಿ, ಅಂಗಡಿಯ ಫೋಟೋ ಇದ್ದರೆ ಹಳೆ ವಸ್ತು ಸಂಗ್ರಹಿಸುವವರು ಹೆಚ್ಚು ಕೊಡುತ್ತಾರೆ. ಒಬ್ಬರ ಮಾತು ನಂಬದೆ ಎರಡು ಮೂರು ಕಡೆ ಕೇಳಿ.

ದುರಸ್ತಿಗೆ ಅವಸರ ಬೇಡ. ಮರಳು ಕಾಗದ ಹಾಕಿ ಉಜ್ಜಿದರೆ ಹಳೆ ಬಣ್ಣ ಹೋಗುತ್ತದೆ, ಬೆಲೆಯೂ ಹೋಗುತ್ತದೆ. ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ, ಆಮೇಲೆ ಬಿಚ್ಚಿ. ಸವೆದ ಬೋಲ್ಟಿಗೆ ಪೀಣ್ಯದಂಥ ಕಡೆ ಲೇತ್ ಕೆಲಸದವರು ಹಳೆ ಅಳತೆಯಲ್ಲೇ ಥ್ರೆಡ್ ಕತ್ತರಿಸಿ ಕೊಡಬಲ್ಲರು.

ಮುಖ್ಯ ಮಾತು ಇದು. ಹಳೆಯ ಸಿಲಿಂಡರನ್ನು ಹಾಗೇ ಜೋಡಿಸಬೇಡಿ. 30 ಡಿಗ್ರಿ ಸೆಖೆಗೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನೊಳಗೆ ಹೊರಗಿನ ಗಾಳಿಯ ಸುಮಾರು 70 ಪಟ್ಟು ಒತ್ತಡ ಇರುತ್ತದೆ. ಪರೀಕ್ಷೆಯಾದ ಸಿಲಿಂಡರ್, ಹೊಸ ರೆಗ್ಯುಲೇಟರ್ ಇರಲೇಬೇಕು. ಬಿರುಕು ಬಿಟ್ಟ ಬಾಟಲಿ ಶೋಕೇಸಿಗೆ ಮಾತ್ರ, ಅದು ಸಿಡಿದರೆ ಕಣ್ಣೇ ಹೋದೀತು. ಸೋಡಾ ನೀರು ಹುಳಿ ಗುಣದ್ದು, ತಾಮ್ರವನ್ನು ಕರಗಿಸುತ್ತದೆ. ಆದ್ದರಿಂದ ನೀರು, ಗ್ಯಾಸ್ ತಾಗುವ ತಾಮ್ರ, ಹಿತ್ತಾಳೆಯ ಭಾಗಗಳನ್ನು ಸ್ಟೇನ್‌ಲೆಸ್ ಸ್ಟೀಲಿಗೆ ಬದಲಿಸದೆ ಕುಡಿಯುವ ಸೋಡಾ ಮಾಡಬೇಡಿ.

ಮಾರುವುದೇ ಆದರೆ, ಬದಲಿಸಿದ ಭಾಗ ಯಾವುದು, ದೋಷ ಎಲ್ಲಿದೆ ಎಂದು ಕೊಳ್ಳುವವರಿಗೆ ಬಾಯಿಬಿಟ್ಟು ಹೇಳಿ. ದೋಷ ಮುಚ್ಚಿಟ್ಟ ವ್ಯಾಪಾರದಲ್ಲಿ ಬರಕತ್ ಇಲ್ಲವೆಂದು ಮಕ್ಕಳಿಗೆ ಕಲಿಸುವವರು ನಾವೇ ತಾನೆ?

ಮರುದಿನ ಗುಜರಿಯವರು ಬಂದಾಗ ಆ ತಂದೆ ಹಳೆ ಫ್ಯಾನ್, ಕಬ್ಬಿಣದ ಮಂಚ ಕೊಟ್ಟು ಕಳಿಸಿದರಂತೆ. ಫೀಸಿಗೆ ಶಾಲೆಯಲ್ಲಿ ಕಂತು ಕೇಳಿದ್ದಾರೆ. ಮಿಷಿನ್ ಇನ್ನೂ ರಿಪೇರಿಯಾಗಿಲ್ಲ. ಉಮ್ಮ ಮಾತ್ರ ದಿನಾ ಅದರ ಚಕ್ರ ಒರೆಸುತ್ತಾರಂತೆ.